ಸ್ಕೀಯಿಂದ ಅಂಜಲ್ ಹಿಡಿಯುವಾಗ ನಾಲ್ಕು ಬಾರಿಯೂ ನೂಲು ತುಂಡಾಗಿದೆ, ಪರಿಹಾರ ತಿಳಿಸಿರಿ

ಕೋಯಿಪಾಡಿ ಹುಟ್ಟು

ಎಲ್ಲರಿಗೂ ನಮಸ್ಕಾರ. ಕುಂಬಳೆಯ ಕೋಯಿಪಾಡಿ ಕಡಪ್ಪುರದಿಂದ ಹುಟ್ಟು ಹಾಕುವ ಫಿಶಿಂಗ್ ಸ್ಕೀಯಲ್ಲಿ (ಮೇಲೆ ಕುಳಿತು ಸಾಗುವ ಕಿರಿದಾದ ಹಗುರ ದೋಣಿ) ಕಡಲಿಗೆ ಹೋಗಿ ಗಾಳ ಹಾಕುತ್ತಿದ್ದೇನೆ. ಈ ತಿಂಗಳಲ್ಲಿ ನಾಲ್ಕು ಬಾರಿ ಅಂಜಲ್ ಕಚ್ಚಿದೆ, ನಾಲ್ಕು ಬಾರಿಯೂ ನೂಲು ತುಂಡಾಗಿ ಮೀನು ಹೋಗಿದೆ. ನಿನ್ನೆ ಬೆಳಗ್ಗೆ ಕಚ್ಚಿದ್ದು ಕಡಿಮೆಯೆಂದರೂ ಎಂಟು ಕಿಲೋ ಇದ್ದಿರಬೇಕು; ರೀಲ್ ಒಮ್ಮೆ ಜೋರಾಗಿ ಕೂಗಿತು, ಸ್ಕೀಯ ಮೂತಿ ಪಡುವಣಕ್ಕೆ ತಿರುಗಿತು, ಅಷ್ಟರಲ್ಲಿ ಎಲ್ಲವೂ ಸಡಿಲವಾಯಿತು. ಮೀನಿನ ಹಲ್ಲಿಗೆ ನೂಲು ಸಿಗದಂತೆ ಗಾಳದ ಮೇಲೆ ತಂತಿ ಕಟ್ಟಿದ್ದೇನೆ, ಒಳ್ಳೆಯ ನೂಲನ್ನೇ ಹಾಕಿದ್ದೇನೆ, ಗಂಟುಗಳೂ ಸರಿಯಾಗಿವೆ. ನಾಲ್ಕು ಗಂಟೆಗೆ ಎದ್ದು, ಕತ್ತಲಲ್ಲೇ ತೆರೆ ದಾಟಿ, ಒಂದು ಗಂಟೆ ಹುಟ್ಟು ಹಾಕಿ ಹೋದವನು ಬರಿಗೈಯಲ್ಲಿ ಮರಳುವಾಗ ಆಗುವ ಸಂಕಟವನ್ನು ಇಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಯಾವ ನೂಲು ಕೊಂಡರೆ ಇದು ನಿಲ್ಲುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿರಿ.

ಬೇಕಲದ ರಾಡ್

ನೂಲನ್ನು ಬದಲಿಸುವ ಅಗತ್ಯವಿಲ್ಲ, ನಿಮ್ಮ ಡ್ರ್ಯಾಗ್ (ಮೀನು ಎಳೆದಾಗ ನೂಲು ಎಷ್ಟು ಬಿಗಿಯಾಗಿ ಬಿಚ್ಚಬೇಕೆಂದು ತಡೆಯುವ ರೀಲಿನ ಬ್ರೇಕ್) ಬಿಗಿಯಾಗಿದೆ. ಅಂಜಲಿನ ಮೊದಲ ಓಟಕ್ಕೆ ಎದುರು ನಿಲ್ಲುವ ಪ್ರಯತ್ನವನ್ನೇ ಮಾಡಬಾರದು. ಹದಿನೈದು ಕಿಲೋ ಬಲದ ನೂಲಾದರೆ ಸಾಮಾನ್ಯ ಲೆಕ್ಕದಲ್ಲಿ ಮೂರೂವರೆ ಕಿಲೋ ಎಳೆತದ ತನಕ ಬಿಗಿ ಮಾಡಬಹುದು, ಆದರೆ ಅಂಜಲಿಗೆ ಎರಡು ಕಿಲೋ ಸಾಕು. ಅಂಗಡಿಯಲ್ಲಿ ಸಿಗುವ ಕೊಕ್ಕೆಯ ತಕ್ಕಡಿಯನ್ನು ನೂಲಿನ ತುದಿಗೆ ಕಟ್ಟಿ ಎಳೆದು ನೋಡಿರಿ. ಬೆರಳಿನ ಅಂದಾಜನ್ನು ನಂಬಬೇಡಿ.

ಶಿರಿಯಾ ಅಳಿವೆ

ನೀವು ಹಾಕಿರುವುದು ಹೆಣೆದ ನೂಲೋ ತಂಗೂಸಿಯೋ (ಒಂಟಿ ಎಳೆಯ ನೈಲಾನ್ ನೂಲು) ಎಂಬುದನ್ನು ಮೊದಲು ಹೇಳಿರಿ. ಹೆಣೆದ ನೂಲಿಗೆ ಹಿಗ್ಗುವ ಗುಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಮೀನು ತಲೆ ಕೊಡವಿದಾಗಲೆಲ್ಲ ಆ ಹೊಡೆತ ನೇರವಾಗಿ ಗಂಟಿಗೆ ಬೀಳುತ್ತದೆ. ನಾನು ಮೊದಲಿನಿಂದಲೂ ಪೂರ್ತಿ ತಂಗೂಸಿಯನ್ನೇ ಬಳಸುತ್ತಿದ್ದೇನೆ.

ಬೇಕಲದ ರಾಡ್

ಶಿರಿಯಾದವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಗ್ಗುವ ನೂಲು ಬೇಕಾಗುವುದು ಎಂಜಿನ್ ದೋಣಿಯಲ್ಲಿ ಕುಳಿತವರಿಗೆ. ಸ್ಕೀ ಹಗುರ, ಮೀನು ಎಳೆದ ಕಡೆಗೆ ತಾನೇ ತಿರುಗಿ ಅದರ ಹಿಂದೆ ಸಾಗುತ್ತದೆ, ಆದ್ದರಿಂದ ಹೊಡೆತದ ಒಂದು ಪಾಲನ್ನು ಸ್ಕೀಯೇ ನುಂಗಿಕೊಳ್ಳುತ್ತದೆ. ಅದೇ ಕಾರಣಕ್ಕೆ ಬಿಗಿ ಡ್ರ್ಯಾಗ್ ಇಲ್ಲಿ ಅನಗತ್ಯ. ನನ್ನಲ್ಲಿ ಎರಡು ರಾಡ್‌ಗಳಿವೆ, ಎರಡರಲ್ಲೂ ಹೆಣೆದ ನೂಲೇ ಇದೆ, ಕಳೆದ ಎರಡು ಹಂಗಾಮುಗಳಲ್ಲಿ ಕಚ್ಚಿದ ಅಂಜಲ್‌ಗಳ ಪೈಕಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ದಡಕ್ಕೆ ತಂದಿದ್ದೇನೆ. ಡ್ರ್ಯಾಗ್ ಅಳೆದ ಮೇಲೆಯೇ ಮುಂದಿನ ಮಾತು.

ಶಿರಿಯಾ ಅಳಿವೆ

ನಿಮ್ಮ ಎರಡು ರಾಡ್‌ಗಳ ಯಶಸ್ಸು ಇವರ ನೂಲು ಯಾಕೆ ತುಂಡಾಯಿತು ಎಂಬುದಕ್ಕೆ ಉತ್ತರವಾಗುವುದಿಲ್ಲ. ಪ್ರಶ್ನೆ ಕೇಳಿದವರು ಇನ್ನೂ ನೂಲಿನ ವಿವರವನ್ನೇ ಕೊಟ್ಟಿಲ್ಲ.

ಕೋಯಿಪಾಡಿ ಹುಟ್ಟು

ಕ್ಷಮಿಸಿರಿ. ಹೆಣೆದ ನೂಲು, ಹದಿನೈದು ಕಿಲೋ ಬಲ. ಡ್ರ್ಯಾಗ್ ಅಳೆದೆ, ಸುಮಾರು ನಾಲ್ಕು ಕಿಲೋ ತೋರಿಸಿತು, ಅದನ್ನು ಎರಡಕ್ಕೆ ಇಳಿಸುತ್ತೇನೆ. ಆದರೆ ನೂಲಿನ ಬಲದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಎಳೆತದಲ್ಲಿ ಅದು ಯಾಕೆ ತುಂಡಾಗಬೇಕು ಎಂಬುದು ನನಗೆ ತಿಳಿಯುತ್ತಿಲ್ಲ.

ಬೇಕಲದ ರಾಡ್

ಗಂಟು ಕಟ್ಟಿದ ಜಾಗದಲ್ಲಿ ನೂಲಿಗೆ ಪೂರ್ತಿ ಬಲ ಉಳಿಯುವುದಿಲ್ಲ. ಮೀನು ದೂರ ಓಡಿದಷ್ಟೂ ನೀರು ನೂಲನ್ನು ಹಿಂದಕ್ಕೆ ಎಳೆಯುತ್ತದೆ, ರೀಲಿನಲ್ಲಿ ಸುತ್ತು ಸಣ್ಣದಾದಷ್ಟೂ ಬಿಗಿ ಹೆಚ್ಚುತ್ತದೆ. ಹಾಗಾಗಿ ದಡದಲ್ಲಿ ನಾಲ್ಕು ಕಿಲೋ ಎಂದು ಕಂಡದ್ದು ಕಡಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿರುತ್ತದೆ.

ಮೊಗ್ರಾಲ್ ಮಾವ

ತಮ್ಮಾ, ನೂಲಿನ ಮಾತು ಆಮೇಲೆ ಇರಲಿ. ಕತ್ತಲಲ್ಲಿ ಒಬ್ಬನೇ ಹೋಗುತ್ತೀಯಾ? ಚಳಿಗಾಲದ ಬೆಳಗ್ಗೆ ನಮ್ಮ ಕರಾವಳಿಯಲ್ಲಿ ಮೂಡುಗಾಳಿ ದಡದಿಂದ ಕಡಲಿನ ಕಡೆಗೆ ಬೀಸುತ್ತದೆ, ಆಗ ದಡದ ಹತ್ತಿರ ನೀರು ಎಣ್ಣೆಯ ಹಾಗೆ ಸಪಾಟಾಗಿ ಕಾಣುತ್ತದೆ. ಹೊರಗೆ ಹೋಗಲು ಅದು ಸಹಾಯ ಮಾಡುತ್ತದೆ, ಮರಳುವಾಗ ಅದನ್ನೇ ಎದುರಿಸಬೇಕಾಗುತ್ತದೆ. ಎಂಟು ಕಿಲೋ ಮೀನಿನ ಹಿಂದೆ ಅರ್ಧ ಗಂಟೆ ಎಳೆಸಿಕೊಂಡು ಹೋದರೆ ನೀನು ಎಲ್ಲಿ ತಲುಪಿರುತ್ತೀಯೆಂದು ಲೆಕ್ಕ ಹಾಕು. ಹುಟ್ಟಿಗೆ ಬಳ್ಳಿ ಕಟ್ಟಿದ್ದೀಯಾ? ಮಗುಚಿದರೆ ಮತ್ತೆ ಹತ್ತಿ ಕೂರುವುದನ್ನು ಆಳದ ನೀರಿನಲ್ಲಿ ಅಭ್ಯಾಸ ಮಾಡಿದ್ದೀಯಾ?

ಕೋಯಿಪಾಡಿ ಹುಟ್ಟು

ಮಾವ, ಹುಟ್ಟಿಗೂ ರಾಡ್‌ಗೂ ಬಳ್ಳಿ ಕಟ್ಟಿದ್ದೇನೆ, ಜೀವರಕ್ಷಕ ಅಂಗಿಯನ್ನು ದಡದಲ್ಲೇ ಹಾಕಿಕೊಳ್ಳುತ್ತೇನೆ. ಮತ್ತೆ ಹತ್ತುವುದನ್ನು ಅಳಿವೆಯ ಒಳಗೆ ಅಭ್ಯಾಸ ಮಾಡಿದ್ದೇನೆ, ಹೊರಗಿನ ಕಡಲಿನಲ್ಲಿ ಮಾಡಿಲ್ಲ. ಮುಂದಿನ ಸಲದಿಂದ ಜೊತೆಗೊಬ್ಬರು ಬರುತ್ತಾರೆ.

ದೂರದ ಮಂಜೇಶ್ವರ

ಮಂಜೇಶ್ವರದವನಾದ ನಾನು ಕೆಲಸದ ನಿಮಿತ್ತ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿದ್ದೇನೆ. ಕ್ವಾಜುಲು-ನಟಾಲ್ ಕರಾವಳಿಯಲ್ಲಿ ಸ್ಕೀಯ ಮೇಲೆ ಕುಳಿತು ತೆರೆ ದಾಟಿ ಹೋಗಿ ‘ಕೂಟಾ’ ಹಿಡಿಯುವವರು ಬಹಳ ಮಂದಿ ಇದ್ದಾರೆ. ಇಲ್ಲಿನ ಕೂಟಾ, ಅರಬ್ಬರ ನಾಡಿನ ಕನಾದ್, ನಮ್ಮೂರಿನ ಅಂಜಲ್ ಮೂರೂ ಒಂದೇ ಜಾತಿಯ ಮೀನು, ಸ್ಕಾಂಬೆರೊಮೊರಸ್ ಕಾಮರ್ಸನ್. ಆದ್ದರಿಂದ ಇಲ್ಲಿ ಕಲಿತದ್ದು ಅಲ್ಲಿಯೂ ನಡೆಯುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಇಷ್ಟು ಚರ್ಚೆಯಾದರೂ ನೂಲು ಎಲ್ಲಿ ತುಂಡಾಯಿತು ಎಂಬುದನ್ನು ಯಾರೂ ಕೇಳಿಲ್ಲ, ನೀವೂ ಹೇಳಿಲ್ಲ. ತಂತಿ ತುಂಡಾಯಿತೇ? ತಂತಿಯ ಮೇಲಿನ ಗಂಟು ಜಾರಿತೇ? ಅಥವಾ ತಂತಿ, ಸ್ವಿವೆಲ್ (ನೂಲನ್ನೂ ತಂತಿಯನ್ನೂ ಜೋಡಿಸುವ, ತಿರುಗುವ ಲೋಹದ ತುಂಡು) ಎಲ್ಲವೂ ಹೋಗಿ ಬರಿಯ ನೂಲು ಮರಳಿತೇ? ಮರಳಿದ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ನಯವಾಗಿತ್ತೇ, ಸುರುಳಿ ಸುತ್ತಿಕೊಂಡಿತ್ತೇ, ಅಥವಾ ಹತ್ತಿಯ ಹಾಗೆ ಬಿಡಿಸಿಕೊಂಡಿತ್ತೇ? ತಂತಿಯ ಉದ್ದ ಎಷ್ಟು? ಸ್ವಿವೆಲ್ ಯಾವ ಬಣ್ಣದ್ದು?

ಬೇಕಲದ ರಾಡ್

ಸ್ವಿವೆಲಿನ ಬಣ್ಣಕ್ಕೂ ನೂಲು ತುಂಡಾಗುವುದಕ್ಕೂ ಏನು ಸಂಬಂಧವಿದೆ? ಮೂಲ ಕಾರಣ ಡ್ರ್ಯಾಗ್ ಎಂದು ಅಳತೆಯಲ್ಲೇ ಕಂಡಿದೆ.

ಕೋಯಿಪಾಡಿ ಹುಟ್ಟು

ಎಲ್ಲರೂ ಬಳಸುವಂತೆಯೇ ಕಟ್ಟಿದ್ದೇನೆ ಎಂಬ ಎಣಿಕೆಯಿಂದ ಈ ವಿವರ ಬರೆದಿರಲಿಲ್ಲ. ಮೊದಲ ಮೂರು ಬಾರಿ ತಂತಿ, ಸ್ವಿವೆಲ್ ಎರಡೂ ಹೋದವು. ನೂಲಿನ ತುದಿ ನಯವಾಗಿತ್ತು. ನಿನ್ನೆಯದು ಹಾಗಲ್ಲ, ಸ್ವಿವೆಲಿನಿಂದ ಸುಮಾರು ಆರು ಮಾರು ಮೇಲೆ ತುಂಡಾಗಿದೆ, ತುದಿ ಬಿಡಿಸಿಕೊಂಡಿದೆ. ತಂತಿ ಪೊಟ್ಟಣದಲ್ಲಿ ಸಿಗುವ ಇಪ್ಪತ್ತು ಸೆಂಟಿಮೀಟರಿನದು. ಸ್ವಿವೆಲ್ ಹಿತ್ತಾಳೆಯದು, ಕೊಂಡಿ ಇರುವ ದೊಡ್ಡದು. ಹೆಣೆದ ನೂಲನ್ನು ನೇರವಾಗಿ ಸ್ವಿವೆಲಿಗೇ ಕಟ್ಟಿದ್ದೇನೆ. ಗಾಳಕ್ಕೆ ಜೀವಂತ ಬಂಗುಡೆ.

ದೂರದ ಮಂಜೇಶ್ವರ

ಹಾಗಾದರೆ ನಿಮ್ಮಲ್ಲಿರುವುದು ಒಂದು ಸಮಸ್ಯೆಯಲ್ಲ, ಎರಡು.

ಮೊದಲ ಮೂರು ಬಾರಿಯದ್ದು ಹಲ್ಲಿನ ಕೆಲಸ. ಅಂಜಲ್ ಹಲವು ಬಾರಿ ಒಂಟಿಯಾಗಿರುವುದಿಲ್ಲ. ಒಂದು ಮೀನು ಬಂಗುಡೆಯನ್ನು ಹಿಡಿದು ಓಡುವಾಗ ಜೊತೆಯವು ಹಿಂದೆಯೇ ಬರುತ್ತವೆ, ಆಗ ಅದರ ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಬಿಸಿಲಿಗೆ ಮಿನುಗುತ್ತ, ಗುಳ್ಳೆ ಎಬ್ಬಿಸುತ್ತ ಓಡುವ ಹಿತ್ತಾಳೆಯ ತುಂಡು ಅವುಗಳಿಗೆ ಸಣ್ಣ ಬೂತಾಯಿ ಮೀನಿನಂತೆ ತೋರುತ್ತದೆ. ಅದನ್ನು ಕಚ್ಚಿದ ಹಲ್ಲಿಗೆ ಪಕ್ಕದಲ್ಲಿರುವ ಹೆಣೆದ ನೂಲು ಯಾವ ಲೆಕ್ಕಕ್ಕೂ ಅಲ್ಲ. ಬೇಕಲದವರ ಪ್ರಶ್ನೆಗೂ ಇದೇ ಉತ್ತರ. ಎಳೆತಕ್ಕೆ ಸೋತ ಗಂಟು ಸುರುಳಿ ಸುತ್ತಿದ ಬಾಲವನ್ನು ಬಿಟ್ಟುಹೋಗುತ್ತದೆ, ನಯವಾದ ತುದಿಯನ್ನಲ್ಲ. ಸಿಗುವುದರಲ್ಲಿ ಅತ್ಯಂತ ಸಣ್ಣ ಕಪ್ಪು ಸ್ವಿವೆಲನ್ನು ಕೊಂಡಿಯಿಲ್ಲದೆ ಹಾಕಿರಿ. ತಂತಿಯನ್ನು ಅರ್ಧ ಮೀಟರಿಗೆ ಏರಿಸಿರಿ. ಅದರ ಮೇಲೆ ಎರಡು ಮೀಟರ್ ದಪ್ಪ ತಂಗೂಸಿ, ಆಮೇಲೆ ಹೆಣೆದ ನೂಲು. ಈ ಮಟ್ಟಿಗೆ ಶಿರಿಯಾದವರು ತಂಗೂಸಿಯ ಪರವಾಗಿ ಹೇಳಿದ್ದು ಸರಿ, ಕಾರಣ ಮಾತ್ರ ಬೇರೆ: ಮೀನಿನ ಮೈಗೆ ಉಜ್ಜಿದಾಗ ಅದು ತಾಳುತ್ತದೆ.

ಬಂಗುಡೆಯ ಮೂತಿಗೆ ಒಂಟಿ ಗಾಳ, ಬೆನ್ನಿನ ರೆಕ್ಕೆಯಿಂದ ಹಿಂದೆ ಮೂರು ಕೊಕ್ಕೆಯ ಗಾಳ ಇರಬೇಕು. ಅಂಜಲ್ ಹೆಚ್ಚಾಗಿ ಬಾಲವನ್ನು ಮೊದಲು ತುಂಡರಿಸುತ್ತದೆ, ಮುಂದಿನ ಗಾಳವೊಂದೇ ಇದ್ದರೆ ತಲೆ ಮಾತ್ರ ನಿಮ್ಮ ಪಾಲಿಗೆ ಉಳಿಯುತ್ತದೆ. ಹಿಂದಿನ ಗಾಳವನ್ನು ಬಿಗಿಯಾಗಿ ಚುಚ್ಚಬೇಡಿ, ಬಂಗುಡೆ ಸರಾಗವಾಗಿ ಈಜುವಂತಿರಲಿ, ಹುಟ್ಟನ್ನೂ ಅದು ಈಜುವಷ್ಟೇ ನಿಧಾನವಾಗಿ ಹಾಕಿರಿ.

ನಿನ್ನೆಯದು ಬೇರೆ. ಅಲ್ಲಿ ನೂಲು ಎಲ್ಲೋ ಉಜ್ಜಿದೆ. ರಾಡಿನ ಉಂಗುರಗಳ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿರಬಹುದು. ಸ್ವಲ್ಪ ಹತ್ತಿಯನ್ನು ಪ್ರತಿ ಉಂಗುರದ ಒಳಗೆ ತಿರುಗಿಸಿರಿ, ಬಿರುಕಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ಶಿರಿಯಾ ಅಳಿವೆ

ತಂತಿ ಒಂಟಿಯದೋ ಏಳು ಎಳೆಯದೋ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ. ನನ್ನ ಅನುಭವದಲ್ಲಿ ಒಂಟಿ ತಂತಿ ಒಮ್ಮೆ ಮಡಚಿದರೆ ಅದೇ ಜಾಗದಲ್ಲಿ ಮುರಿಯುತ್ತದೆ.

ದೂರದ ಮಂಜೇಶ್ವರ

ಮಡಚಿದ ಒಂಟಿ ತಂತಿಯನ್ನು ಅಲ್ಲೇ ಎಸೆಯಬೇಕು, ಅದು ನಿಜ. ಆದರೂ ಅದು ತೆಳುವಾಗಿರುವುದರಿಂದ ತಿಳಿ ನೀರಿನಲ್ಲಿ ಅದಕ್ಕೇ ಹೆಚ್ಚು ಮೀನು ಕಚ್ಚುತ್ತದೆ. ನೀರು ಕದಡಿದ್ದರೆ ಏಳು ಎಳೆಯದನ್ನು ಬಳಸಿರಿ.

ಕೋಯಿಪಾಡಿ ಹುಟ್ಟು

ಐದು ದಿನಗಳ ಬಳಿಕ ಬರೆಯುತ್ತಿದ್ದೇನೆ. ತುದಿಯ ಉಂಗುರದಲ್ಲಿ ಹತ್ತಿ ಸಿಕ್ಕಿಕೊಂಡಿತು. ಬರಿಗಣ್ಣಿಗೆ ಬಿರುಕು ಕಾಣುತ್ತಿರಲಿಲ್ಲ. ಉಂಗುರವನ್ನು ಬದಲಿಸಲು ಕೊಟ್ಟಿದ್ದೇನೆ, ಆ ತನಕ ಹಳೆಯ ರಾಡನ್ನೇ ಬಳಸುತ್ತಿದ್ದೇನೆ. ಇಂದು ಬೆಳಗ್ಗೆ ಸಂಬಂಧಿಯೊಬ್ಬರ ಜೊತೆ ಎಂಟು ಮಾರು ಆಳದ ತನಕ ಹೋಗಿದ್ದೆ. ಸಣ್ಣ ಕಪ್ಪು ಸ್ವಿವೆಲ್, ಅರ್ಧ ಮೀಟರ್ ಒಂಟಿ ತಂತಿ, ಡ್ರ್ಯಾಗ್ ಎರಡು ಕಿಲೋ. ಏಳು ಗಂಟೆಗೆ ಕಚ್ಚಿದ ಅಂಜಲ್ ಎರಡು ಬಾರಿ ಓಡಿ, ಇಪ್ಪತ್ತು ನಿಮಿಷಗಳಲ್ಲಿ ಸ್ಕೀಯ ಪಕ್ಕಕ್ಕೆ ಬಂತು. ಆರು ಕಿಲೋ ಇನ್ನೂರು ಗ್ರಾಂ. ಹಿಂದಿನ ಗಾಳದ ಒಂದೇ ಒಂದು ಕೊಕ್ಕೆ ದವಡೆಯ ಅಂಚಿನಲ್ಲಿತ್ತು. ತಂತಿಯ ಮೇಲೆ, ಗಾಳದಿಂದ ಸುಮಾರು ಮೂವತ್ತು ಸೆಂಟಿಮೀಟರ್ ಎತ್ತರದ ವರೆಗೆ, ಹಲ್ಲಿನ ಗೀರುಗಳಿವೆ. ಹಳೆಯ ತಂತಿಯಾಗಿದ್ದರೆ ಆ ಗೀರುಗಳು ನೂಲಿನ ಮೇಲೆ ಬೀಳುತ್ತಿದ್ದವು. ಎಲ್ಲರಿಗೂ ಮನಸಾರೆ ಕೃತಜ್ಞತೆಗಳು.

ಬೇಕಲದ ರಾಡ್

ಅಭಿನಂದನೆಗಳು, ನನಗೂ ಬಹಳ ಸಂತೋಷವಾಯಿತು. ಒಂದೇ ಕೊಕ್ಕೆ ದವಡೆಯ ಅಂಚಿನಲ್ಲಿತ್ತು ಎಂದಿರಿ. ನಾಲ್ಕು ಕಿಲೋ ಎಳೆತವಿದ್ದಿದ್ದರೆ ಅದು ಹರಿದು ಬರುತ್ತಿತ್ತು ಎಂಬುದನ್ನು ಗಮನಿಸಿರಿ.

ಕೋಯಿಪಾಡಿ ಹುಟ್ಟು

ಅದನ್ನೂ ಒಪ್ಪುತ್ತೇನೆ. ಈಗ ಮತ್ತೊಂದು ಪ್ರಶ್ನೆ ಉಳಿದಿದೆ. ಗ್ಯಾಫ್ (ಹಿಡಿಯಿರುವ ದೊಡ್ಡ ಕೊಕ್ಕೆ) ಹಾಕಿ ಎತ್ತಿದ ಮೇಲೆ ಮೀನು ನನ್ನ ತೊಡೆಗಳ ನಡುವೆ ಹೊರಳಾಡಿತು, ಬಾಯಲ್ಲಿ ಮೂರು ಕೊಕ್ಕೆಯ ಗಾಳ ಇನ್ನೂ ಇತ್ತು. ಮೊಣಕಾಲಿನ ಬಳಿ ಎರಡು ಕಡೆ ಗಾಯವಾಗಿದೆ. ನನ್ನ ಸ್ಕೀಯಲ್ಲಿ ಮೀನಿನ ಗೂಡಿನ ಮುಚ್ಚಳ ಕಾಲುಗಳ ಮುಂದೆ ಇರುವುದರಿಂದ ಅದನ್ನು ತೆರೆಯಲು ಎರಡೂ ಕೈ ಬೇಕಾಗುತ್ತವೆ. ಡರ್ಬನ್‌ನಲ್ಲಿ ಇದನ್ನು ಹೇಗೆ ಮಾಡುತ್ತಾರೆ?

ಮೊಗ್ರಾಲ್ ಮಾವ

ಗಾಯವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಇವತ್ತೇ ವೈದ್ಯರಿಗೆ ತೋರಿಸು, ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಅವರು ಕೇಳುತ್ತಾರೆ. ಉಳಿದದ್ದನ್ನು ಮಂಜೇಶ್ವರದವರು ಬಂದು ಹೇಳಲಿ.