ಸಹಾಯ ಬೇಕು: ಕೋಚ್ ತಾನಾಗಿ ಬಿಟ್ಟರೆ ದುಡ್ಡು ಹೋಗುತ್ತಾ?

ನಮಸ್ಕಾರ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಲ್ಲವರು ದಯವಿಟ್ಟು ತಿಳಿಸಿ. ಲೂಯಿವಿಲ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಕೆನ್ನಿ ಪೇನ್ ಎರಡು ಸೀಸನ್‌ನಲ್ಲಿ ಗೆದ್ದಿದ್ದು 12 ಪಂದ್ಯ, ಸೋತಿದ್ದು 52. ಆದರೂ ರಾಜೀನಾಮೆ ಕೊಡಲಿಲ್ಲ. 2024ರ ಮಾರ್ಚ್‌ನಲ್ಲಿ ಕಾಲೇಜಿನವರೇ ಅವರನ್ನು ತೆಗೆದುಹಾಕಿದರು, ಅವರಿಗೆ ಕೊಡಬೇಕಾದ ಒಪ್ಪಂದದ ಬಾಕಿ ಸುಮಾರು 80 ಲಕ್ಷ ಡಾಲರ್! ಅವರಿಗಿಂತ ಮುಂಚಿನ ಕ್ರಿಸ್ ಮ್ಯಾಕ್ 2022ರಲ್ಲಿ ಸೀಸನ್ ಮಧ್ಯದಲ್ಲೇ ಮಾತುಕತೆಯಾಡಿ 48 ಲಕ್ಷಕ್ಕೆ ಒಪ್ಪಿ ಹೊರಟಿದ್ದರು.

ಪೇನ್ ಅದೇ ಕಾಲೇಜಿನ 1986ರ ಚಾಂಪಿಯನ್ ತಂಡದ ಆಟಗಾರ. ಅದಕ್ಕೇ ಬೇಜಾರು ಜಾಸ್ತಿ. ಮರ್ಯಾದೆಯಿಂದ ಬಿಡಬೇಕಿತ್ತು ಅಂತಾನೆ ಮಗ. ಸಹಿ ಹಾಕಿದ್ದು ಕಾಲೇಜು, ಕೊಡಲಿ ಅಂತೀನಿ ನಾನು.

ತಾನಾಗಿ ಬಿಟ್ಟರೆ ಸಾಮಾನ್ಯವಾಗಿ ಏನೂ ಸಿಗಲ್ಲವೇ? ಬೇರೆ ಕಡೆ ಕೆಲಸ ಸಿಕ್ಕರೆ ಬಾಕಿ ಹಣದಲ್ಲಿ ಕಡಿತವಾಗುತ್ತಾ? ಇಂಥ ಒಪ್ಪಂದ ಓದಿದವರಿದ್ದರೆ ಸ್ವಲ್ಪ ಬಿಡಿಸಿ ಬರೆಯಿರಿ.