ದೊಡ್ಡಮ್ಮನ ಎಕ್ಸ್‌ರೇ ವಿಷಯಕ್ಕೆ

ದೊಡ್ಡಮ್ಮ, ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಬಂದದ್ದನ್ನೆಲ್ಲ ಡ್ಯೂಟಿ ಮುಗಿಸಿ ಈಗ ನೋಡಿದೆ. ನಿಮಗೆ ಮೂರು ವಾರದಿಂದ ಕೆಮ್ಮು, ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟಿದ್ದಾರೆ, ಅಷ್ಟರಲ್ಲಿ ಯಾರೋ "ಒಂದು ಎಕ್ಸ್‌ರೇ ತೆಗೆಸಿದರೂ ಕ್ಯಾನ್ಸರ್ ಬರುತ್ತೆ" ಅಂತ ಫಾರ್ವರ್ಡ್ ಹಾಕಿದ್ದಾರೆ, ನೀವು ಕಷಾಯ ಕುಡಿದು ನೋಡೋಣ ಅಂತ ಕೂತಿದ್ದೀರಿ. ನಾನು ದಿನವಿಡೀ ಎಕ್ಸ್‌ರೇ ರೂಮಿನಲ್ಲೇ ಇರುವವನು, ಅದಕ್ಕೆ ಸ್ವಲ್ಪ ಉದ್ದ ಆದರೂ ಹೇಳುತ್ತೇನೆ. ನಾಳೆಯೇ ಹೋಗಿ ತೆಗೆಸಿ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಇದೆಯಾ ಅಂತ ನೋಡಲೇಬೇಕು. ಪ್ರಪಂಚದ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ನಿಮಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಕಫ ಕಟ್ಟಿರಬಹುದು, ನ್ಯುಮೋನಿಯಾ ಇರಬಹುದು, ಏನೂ ಇಲ್ಲದೆಯೂ ಇರಬಹುದು. ನೋಡದೆ ಗೊತ್ತಾಗುವುದಿಲ್ಲ ಅಲ್ವಾ? ಕಫ ಪರೀಕ್ಷೆಯನ್ನೂ ಬರೆದಿದ್ದರೆ ಅದನ್ನೂ ಬಿಡಬೇಡಿ. ಎಕ್ಸ್‌ರೇ ನೆರಳು ತೋರಿಸುತ್ತೆ, ಅದು ಟಿಬಿಯೇ ಅಂತ ಖಚಿತ ಮಾಡಲು ಕಫ ಬೇಕು.

ಚಿಕ್ಕಪ್ಪ ಕೇಳಿದ ಪ್ರಶ್ನೆ ನನಗೆ ದಿನಾ ಬರುತ್ತೆ. "ಅಷ್ಟು ಸೇಫ್ ಆಗಿದ್ದರೆ ನೀವೇಕೆ ಗೋಡೆ ಹಿಂದೆ ಹೋಗಿ ನಿಲ್ಲುತ್ತೀರಿ?" ನ್ಯಾಯವಾದ ಪ್ರಶ್ನೆ. ದೊಡ್ಡಮ್ಮನಿಗೆ ರೇಡಿಯೇಷನ್ ಒಂದು ಸಲ ಬೀಳುತ್ತೆ, ಅವರು ಎದ್ದು ಮನೆಗೆ ಹೋಗುತ್ತಾರೆ. ನಾನು ಅಲ್ಲೇ ನಿಂತರೆ ಬಂದ ಪ್ರತಿಯೊಬ್ಬರ ಎಕ್ಸ್‌ರೇಯಲ್ಲೂ ನನಗೆ ಸ್ವಲ್ಪ ಸ್ವಲ್ಪ ಬೀಳುತ್ತೆ, ದಿನಾ, ರಿಟೈರ್ ಆಗುವವರೆಗೂ. ಅದಕ್ಕೇ ಸೀಸದ ಗೋಡೆ, ಅದಕ್ಕೇ ನನ್ನ ಎದೆ ಮೇಲೆ ಒಂದು ಸಣ್ಣ ಬ್ಯಾಡ್ಜ್. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿ ನನಗೆ ಎಷ್ಟು ಬಿದ್ದಿದೆ ಅಂತ ಲೆಕ್ಕ ನೋಡುತ್ತಾರೆ.

ಈಗ ಆ ಲೆಕ್ಕದ ವಿಷಯ. ರೇಡಿಯೇಷನ್ನನ್ನು ಮಿಲಿಸೀವರ್ಟ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ನಾವು ಯಾವ ಆಸ್ಪತ್ರೆಗೂ ಹೋಗದೆ ಸುಮ್ನೆ ಮನೆಯಲ್ಲಿ ಕೂತಿದ್ದರೂ ನೆಲದಿಂದ, ಕಲ್ಲಿನಿಂದ, ಗಾಳಿಯಿಂದ, ಆಕಾಶದಿಂದ, ತಿನ್ನುವ ಊಟದಿಂದ ನಮಗೆ ರೇಡಿಯೇಷನ್ ಬೀಳುತ್ತಲೇ ಇರುತ್ತೆ, ಪ್ರಪಂಚದ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಂದರೆ ನಿಮ್ಮ ಎಕ್ಸ್‌ರೇ ಸುಮಾರು 15 ದಿನ ಸುಮ್ನೆ ಬದುಕಿದ್ದರೆ ಬೀಳುವಷ್ಟು. ಅಪಾಯ ಪೂರ್ತಿ ಸೊನ್ನೆ ಅಂತ ನಾನು ಹೇಳುವುದಿಲ್ಲ, ಆದರೆ ಮೂರು ವಾರದ ಕೆಮ್ಮನ್ನು ಹಾಗೇ ಬಿಡುವುದು ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಇನ್ನೊಂದು, ಎಕ್ಸ್‌ರೇ ತೆಗೆಸಿದ ಮೇಲೆ ಮೈಯಲ್ಲಿ ಏನೋ ಉಳಿದುಕೊಳ್ಳುತ್ತೆ, ಮೊಮ್ಮಕ್ಕಳನ್ನು ಮುಟ್ಟಬಾರದು ಅಂತೆಲ್ಲ ಅದೇ ಫಾರ್ವರ್ಡ್‌ನಲ್ಲಿದೆ. ಪೂರ್ತಿ ಸುಳ್ಳು. ದೀಪ ಆರಿಸಿದ ಮೇಲೆ ಬೆಳಕು ಕೋಣೆಯಲ್ಲಿ ಉಳಿಯುತ್ತದೆಯೇ? ಇದೂ ಹಾಗೆ, ಮೆಷಿನ್ ನಿಂತ ಕ್ಷಣಕ್ಕೆ ಮುಗಿಯಿತು.

ಹಾಗಾದರೆ ಈ ಭಯ ಎಲ್ಲಿಂದ ಬಂತು ಅಂದರೆ, ಅದಕ್ಕೆ ನಿಜವಾದ ಕಾರಣ ಇದೆ. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜನ್ ಅನ್ನುವ ವಿಜ್ಞಾನಿ ಈ ಕಿರಣ ಕಂಡುಹಿಡಿದರು. ಡಿಸೆಂಬರ್‌ನಲ್ಲಿ ಹೆಂಡತಿಯ ಕೈಯದೇ ಚಿತ್ರ ತೆಗೆದರು, ಮೂಳೆ, ಉಂಗುರ ಎಲ್ಲ ಕಾಣುವ ಹಾಗೆ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೇ ಸಿಕ್ಕಿತು. ಅವರು ಪೇಟೆಂಟ್ ಮಾಡಿಸಲಿಲ್ಲ, ಎಲ್ಲರಿಗೂ ಸಿಗಲಿ ಅಂತ ಬಿಟ್ಟರು, ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಆದರೆ ಆಗ ಇದರಿಂದ ಮೈಗೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಿರಣ ಬಿಡುತ್ತಿದ್ದರು. ಟ್ಯೂಬ್ ಸರಿ ಇದೆಯಾ ಅಂತ ನೋಡಲು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಎಡಿಸನ್ ಹತ್ತಿರ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡಾಲಿ ಹಾಗೆ ಮಾಡಿ ಮಾಡಿಯೇ ಕೈ ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಹೀಗೆ ಸತ್ತ ಡಾಕ್ಟರು, ಕೆಲಸಗಾರರ ಹೆಸರು ಕೆತ್ತಿದ ಒಂದು ಸ್ಮಾರಕ ಹ್ಯಾಂಬರ್ಗ್‌ನಲ್ಲಿದೆ, 1936ರಲ್ಲಿ ನಿಲ್ಲಿಸಿದ್ದು. ಇವತ್ತು ನಾವು ಎದೆಯ ಚಿತ್ರ ತೆಗೆಯುವುದು ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ. ಸೀಸದ ಗೋಡೆ, ಬ್ಯಾಡ್ಜ್, ಲೈಸೆನ್ಸ್ ಎಲ್ಲ ಬಂದದ್ದು ಅವರಿಗೆ ಆದದ್ದನ್ನು ನೋಡಿಯೇ.

ಸರಿ, ನಾಳೆ ಹೋಗುವಾಗ ಏನು ಮಾಡಬೇಕು ಕೇಳಿ. ಸರ, ಪಿನ್ನು, ಹುಕ್ಕು ಇರುವ ಬಟ್ಟೆ ತೆಗೆಯಲು ಹೇಳುತ್ತಾರೆ, ಗೌನ್ ಕೊಡುತ್ತಾರೆ. ತಾಳಿ ಬಿಚ್ಚಲು ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ, ಮೇಲಕ್ಕೆ ಗಲ್ಲದ ಹತ್ತಿರ ಸರಿಸಿಕೊಂಡರೆ ಆಗುತ್ತೆ. ಜಡೆಯನ್ನು ಮೇಲೆತ್ತಿ ಕಟ್ಟಿಕೊಂಡೇ ಹೋಗಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ದಪ್ಪ ಜಡೆ ಕತ್ತಿನ ಹಿಂದೆ ಬಿದ್ದಿದ್ದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಬೀಳುತ್ತೆ, ಟಿಬಿ ಕಲೆಯೂ ಸಾಮಾನ್ಯವಾಗಿ ಅಲ್ಲೇ ಕಾಣುವುದು. ಸುಮ್ನೆ ಗಾಬರಿ, ಮತ್ತೊಂದು ಸಲ ತೆಗೆಯಬೇಕು. ಎದೆಯನ್ನು ಬೋರ್ಡಿಗೆ ಒತ್ತಿ, ಭುಜ ಮುಂದಕ್ಕೆ ಮಾಡಿ, ಉಸಿರು ಪೂರ್ತಿ ಎಳೆದು ಹಿಡಿಯಿರಿ. ಅರ್ಧ ಉಸಿರಿನಲ್ಲಿ ತೆಗೆದರೆ ಆರೋಗ್ಯವಾಗಿರುವ ಹೃದಯವೂ ದೊಡ್ಡದಾಗಿ ಕಾಣುತ್ತೆ. ಮೊದಲು ಯಾವಾಗಲೋ ತೆಗೆಸಿದ ಫಿಲ್ಮ್ ಬೀರುವಿನಲ್ಲಿದ್ದರೆ ಖಂಡಿತ ತಗೊಂಡು ಹೋಗಿ. ಈಗ ಕಾಣುವ ಕಲೆ ಆಗಲೂ ಹಾಗೇ ಇತ್ತು ಅಂತ ಗೊತ್ತಾದರೆ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಮಾವ, ನಿಮಗೆ ಬೇರೆ ಮಾತು. ಸೊಂಟನೋವು ಅಂತ ನೀವೇ ಹೋಗಿ "ಒಂದು ಎಕ್ಸ್‌ರೇ ಹೊಡೀರಿ" ಅನ್ನಬೇಡಿ. ಸೊಂಟದ ಎಕ್ಸ್‌ರೇಗೆ ಎದೆಯದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಬೀಳುತ್ತೆ, ಮತ್ತೆ ಡಿಸ್ಕ್, ನರ ಅದರಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಎಂಆರ್‌ಐ ಬೇಕು. ಎಂಆರ್‌ಐಯಲ್ಲಿ, ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಇದೆ, ಎದೆಯ ಸಿಟಿಗೆ ಸುಮಾರು 5ರಿಂದ 7 ಮಿಲಿಸೀವರ್ಟ್. ಡಾಕ್ಟರು ಬೇಕು ಅಂದರೆ ಹಿಂದೆಮುಂದೆ ನೋಡಬೇಡಿ, ನಾವಾಗಿಯೇ "ಫುಲ್ ಬಾಡಿ ಸಿಟಿ ಮಾಡಿಸಿಬಿಡೋಣ" ಅನ್ನುವುದು ಬೇಡ. ಹೆಣ್ಣುಮಕ್ಕಳು ಮುಟ್ಟು ತಡವಾಗಿದ್ದರೆ ಎಕ್ಸ್‌ರೇಗೆ ಮೊದಲೇ ಹೇಳಿ, ನಾಚಿಕೆ ಬೇಡ.

ಅತ್ತಿಗೆ, ಮೆಟ್ರೋದಲ್ಲಿ ಮಗುವಿನ ಟಿಫಿನ್ ಡಬ್ಬಿ ಸ್ಕ್ಯಾನರ್ ಒಳಗೆ ಹೋದರೆ ತಿನ್ನಿಸಬಹುದಾ ಅಂದಿರಿ. ಧಾರಾಳವಾಗಿ. ಅದೂ ಎಕ್ಸ್‌ರೇಯೇ, ಆದರೆ ಊಟದಲ್ಲಿ ಏನೂ ಉಳಿಯುವುದಿಲ್ಲ. ಆ ಪರದೆ ಮೇಲೆ ಅನ್ನ, ಬಟ್ಟೆ, ಪುಸ್ತಕ ಕಿತ್ತಳೆ ಬಣ್ಣದಲ್ಲಿ, ಕಬ್ಬಿಣ, ಸ್ಟೀಲು ನೀಲಿಯಲ್ಲಿ ಕಾಣುತ್ತೆ, ಅಷ್ಟೇ. ನಾವು ದಾಟುವ ಬಾಗಿಲಿನ ಚೌಕಟ್ಟು ಇದೆಯಲ್ಲ, ಅದು ಎಕ್ಸ್‌ರೇ ಅಲ್ಲ, ಬರೀ ಲೋಹ ಹುಡುಕುವುದು.

ಮಕ್ಕಳ ವಿಷಯ ಬಂತು ಅಂತ ಒಂದು ಮಾತು, ಚಿಕ್ಕ ಮಕ್ಕಳಿರುವವರು ಇದನ್ನು ಸರಿಯಾಗಿ ಓದಿ. ಮಗು ಏನೋ ನುಂಗಿತು, ನಾಣ್ಯ ಇರಬೇಕು, ಬಾಳೆಹಣ್ಣು ತಿನ್ನಿಸಿದರೆ ಹೋಗುತ್ತೆ ಅಂತ ಕಾಯಬೇಡಿ. ರಿಮೋಟ್, ಆಟಿಕೆ, ಕಿಚನ್ ತಕ್ಕಡಿಯಲ್ಲಿ ಹಾಕುವ ಬಟನ್ ಸೆಲ್ಲೂ ನಾಣ್ಯದಷ್ಟೇ ಇರುತ್ತೆ. ಎಕ್ಸ್‌ರೇಯಲ್ಲಿ ನಾಣ್ಯ ಒಂದೇ ಗುಂಡು ಬಿಲ್ಲೆ, ಬಟನ್ ಸೆಲ್ಲಿಗೆ ಅಂಚಿನಲ್ಲಿ ಎರಡು ಸುತ್ತು ಕಾಣುತ್ತೆ, ಅದನ್ನು ನೋಡಿಯೇ ನಾವು ತಕ್ಷಣ ಫೋನ್ ಎತ್ತುತ್ತೇವೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಲು ಶುರುವಾಗುತ್ತೆ. ಪ್ಲಾಸ್ಟಿಕ್ ಚೂರು, ಸಣ್ಣ ಮೀನಿನ ಮುಳ್ಳು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಚಿತ್ರ ಚೆನ್ನಾಗಿದೆ ಅಂದರೂ ಮಗು ಜೊಲ್ಲು ಸುರಿಸುತ್ತಿದ್ದರೆ, ನುಂಗುವಾಗ ಅಳುತ್ತಿದ್ದರೆ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬರಬೇಡಿ. ನುಂಗಿದ ವಸ್ತುವಿನಂಥದ್ದೇ ಇನ್ನೊಂದು ಮನೆಯಲ್ಲಿದ್ದರೆ ಜೊತೆಗೆ ತಗೊಂಡು ಹೋಗಿ, ಎಷ್ಟು ಗಂಟೆಗೆ ನುಂಗಿತು ಅನ್ನುವುದನ್ನು ಬಾಗಿಲಲ್ಲೇ ಹೇಳಿ.