‘ಸೆರೆಂಡಿಪಿಟಿ’ಗೆ ಕನ್ನಡದಲ್ಲಿ ಏನೆನ್ನೋಣ?

ವಿಜ್ಞಾನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೆರೆಂಡಿಪಿಟಿ’ (ಹುಡುಕದೇ ಇದ್ದದ್ದನ್ನು ಆಕಸ್ಮಿಕವೂ ಜಾಣ್ಮೆಯೂ ಸೇರಿ ಕಂಡುಕೊಳ್ಳುವುದು) ಎಂಬ ಇಂಗ್ಲಿಷ್ ಪದ ಬಂದಲ್ಲಿ ಮೊದಲು ‘ಅದೃಷ್ಟ’ ಎಂದು ಬರೆದೆ, ಹೊಡೆದುಹಾಕಿದೆ. ‘ಕಾಕತಾಳೀಯ’ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಕಾರಣ ಪದದ ಹುಟ್ಟಿನಲ್ಲೇ ಇದೆ.

ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್‌ಪೋಲ್ 1754ರ ಜನವರಿ 28ರಂದು ಫ್ಲಾರೆನ್ಸ್‌ನಲ್ಲಿದ್ದ ಗೆಳೆಯ ಹೊರೇಸ್ ಮ್ಯಾನ್‌ಗೆ ಬರೆದ ಕಾಗದದಲ್ಲಿ ಈ ಪದವನ್ನು ಕಟ್ಟಿದ. ಆಧಾರ, ‘ಸೆರೆಂಡಿಪ್‌ನ ಮೂವರು ರಾಜಕುಮಾರರು’ ಎಂಬ ಕಥೆ. ಅದು 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿತ್ತು. ಸೆರೆಂಡಿಪ್ ಎಂದರೆ ಶ್ರೀಲಂಕಾ. ನಮ್ಮ ‘ಸಿಂಹಳದ್ವೀಪ’ವೇ ಅರಬ್ಬರ ಬಾಯಲ್ಲಿ ‘ಸರಂದೀಬ್’ ಆಗಿ ಅತ್ತ ಹೋಯಿತು.

ರಾಜಕುಮಾರರು ದಾರಿಯಲ್ಲಿ ನಡೆಯುತ್ತಾರೆ. ಮೊದಲೇ ಹಾದುಹೋದ ಒಂಟೆಯೊಂದರ ಗುರುತುಗಳು ಕಣ್ಣಿಗೆ ಬೀಳುತ್ತವೆ. ಒಂದು ಬದಿಯ ಹುಲ್ಲು ಸೊಂಪಾಗಿದ್ದರೂ ಮೇಯ್ದಿರುವುದು ಇನ್ನೊಂದು ಬದಿಯ ಬಡಕಲು ಹುಲ್ಲನ್ನು: ಒಂಟೆಗೆ ಒಂದು ಕಣ್ಣಿಲ್ಲ. ಅರೆ ಅಗಿದ ಹುಲ್ಲಿನ ಸಣ್ಣ ಉಂಡೆಗಳು ಬಿದ್ದಿವೆ: ಒಂದು ಹಲ್ಲಿಲ್ಲ. ಒಂದು ಕಾಲು ಎಳೆದ ಗೆರೆ: ಕುಂಟು. ಒಂದು ಕಡೆ ಇರುವೆ, ಇನ್ನೊಂದು ಕಡೆ ನೊಣ: ಹೇರಿದ್ದು ಬೆಣ್ಣೆ ಮತ್ತು ಜೇನು. ಒಂಟೆ ಕಳೆದುಕೊಂಡವನಿಗೆ ಇಷ್ಟನ್ನೂ ಹೇಳಿದ ತಪ್ಪಿಗೆ ಕಳ್ಳರೆಂದು ಸೆರೆಮನೆ ಸೇರುತ್ತಾರೆ! (ವಾಲ್‌ಪೋಲನ ನೆನಪಿನಲ್ಲಿ ಒಂಟೆ ಹೇಸರಗತ್ತೆಯಾಗಿದೆ. ಪದ ಕೆಡಲಿಲ್ಲ, ಪುಣ್ಯ.)

ಅವರು ಒಂಟೆಯನ್ನು ಹುಡುಕುತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಓದಿಕೊಂಡರು, ಅಷ್ಟೇ. ಆಕಸ್ಮಿಕ ಮತ್ತು ಜಾಣ್ಮೆ ಎರಡೂ ಸೇರಬೇಕು, ಸಿಕ್ಕಿದ್ದು ಹುಡುಕಿದ್ದಾಗಿರಬಾರದು ಎಂಬುದು ವಾಲ್‌ಪೋಲನ ವಿವರಣೆ.

ಕಾಕತಾಳೀಯದಲ್ಲಿ ಕಾಗೆ ಕೂರುತ್ತದೆ, ತಾಳೆಹಣ್ಣು ಬೀಳುತ್ತದೆ. ಕಾಗೆಯ ಜಾಣ್ಮೆ ಏನೂ ಇಲ್ಲ. ಘುಣಾಕ್ಷರ ನ್ಯಾಯವೂ ಹಾಗೆಯೇ: ಮರ ಕೊರೆದ ಹುಳಕ್ಕೆ ತಾನು ಮೂಡಿಸಿದ ಅಕ್ಷರವನ್ನು ಓದಲು ಬಾರದು. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಎಂಬ ಗಾದೆ ಹತ್ತಿರ ಬಂದಂತೆ ಕಂಡು ಕೈಕೊಡುತ್ತದೆ. ಅಲ್ಲಿ ಬಳ್ಳಿಯನ್ನು ಹುಡುಕುತ್ತಲೇ ಇದ್ದೆವಲ್ಲ!

ಸದ್ಯಕ್ಕೆ ಕರಡಿನಲ್ಲಿ ‘ಎಡವಿ ಕಂಡದ್ದು’ ಎಂದಿಟ್ಟಿದ್ದೇನೆ. ಎಡವುವುದು ಆಕಸ್ಮಿಕ, ಕಾಣಲು ಕಣ್ಣು ಬೇಕು. ಆದರೆ ವಿಭಕ್ತಿ ಹಚ್ಚಿದೊಡನೆ ‘ಎಡವಿ ಕಂಡದ್ದರಿಂದಾಗಿ’ ಎಂದು ವಾಕ್ಯವೇ ಎಡವುತ್ತದೆ. ಒಂದೇ ಪದದಲ್ಲಿ ಹೇಳುವುದು ಯಾರಿಗಾದರೂ ಹೊಳೆದಿದೆಯೇ?